ಒಂದು ತಲೆಮಾರಿನ ಕೂಗು

ಪ್ಯಾಂಟಿನ ಜಿಪ್ಪು ಅರ್ಧ ದಾರಿಗೆ ಬಂದು ಮೊಂಡು ಹಿಡಿದಾಗ ರಸೆಲ್ ಉಸಿರನ್ನು ಒಳಗೆಳೆದುಕೊಂಡು, ಕನ್ನಡಿಯ ಕಡೆ ನೋಡದೆ, ಇನ್ನೊಮ್ಮೆ ಎಳೆದ. ಕಪ್ಪು ಪ್ಯಾಂಟು. ಹಳೆಯದಲ್ಲ, ಹಳೆಯದರಂತೆ ಕಾಣಲೆಂದು ಹೋದ ತಿಂಗಳು ಕೊಂಡದ್ದು. ಮಂಡಿಯ ಹತ್ತಿರದ ಹರಕು ಕಾರ್ಖಾನೆಯಲ್ಲೇ ಹರಿದು ಬಂದದ್ದು. ಅರವತ್ತು ದಾಟಿ ಬಂಡಾಯ ಹೂಡುವವರಿಗೆ ಸೊಂಟಕ್ಕೆ ಎಲಾಸ್ಟಿಕ್ ಇರುವಂಥದ್ದೂ ಸಿಗುತ್ತದೆ ಎಂದು ಹೆಂಡತಿ ಲೊರೇನ್ ಹೇಳಿದ್ದಳು, ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಮ್ಯೂಸಿಯಮ್ಮಿನ ಹುಡುಗಿ ಇಮೊಜೆನ್ ಫೋನು ಮಾಡಿದಂದಿನಿಂದ ಯಾವ ಮಾತೂ ಅವನ ಕಿವಿಗೆ ಸರಿಯಾಗಿ ಬೀಳುತ್ತಿರಲಿಲ್ಲ. ‘ಫೋಟೋ ತೆಗೆದವರ ಹೆಂಡ್ತಿ ಅಟ್ಟ ಗುಡಿಸೋವಾಗ ನೆಗೆಟಿವ್ ಸಿಕ್ಕಿದೆ ಸರ್. ಮುಖ ಮಾತ್ರ ಅಲ್ಲ, ಪೂರ್ತಿ ಫೋಟೋ. ಸುತ್ತ ಏನಿತ್ತು ಅಂತ ನೀವು ಊಹಿಸೋಕೂ ಆಗಲ್ಲ. ಹೇಳಲ್ಲ ನಾನು, ಶನಿವಾರ ಬಂದು ನೀವೇ ನೋಡಿ,’ ಎಂದು ಅವಳು ಕಿಲಕಿಲ ನಕ್ಕಿದ್ದಳು. ಊಹಿಸುವ ಅಗತ್ಯ ರಸೆಲ್‌ಗೆ ಇರಲಿಲ್ಲ. ಸುತ್ತ ಏನಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಕತ್ತರಿಸಿ ಹಾಕಿದ ಯಾರದೋ ಕತ್ತರಿಗೆ ಅವನು ಜೀವಮಾನವಿಡೀ ಮನಸ್ಸಿನಲ್ಲೇ ಕೈಮುಗಿಯುತ್ತ ಬಂದಿದ್ದ.

ಶೆಫೀಲ್ಡಿನ ಕಾರ್ಪೆಟ್ ಗೋದಾಮೊಂದರ ಕೆಳಗಿದ್ದ ‘ಸಂಪ್’ ಎಂಬ ಆ ನೆಲಮಾಳಿಗೆಯಲ್ಲಿ ಎಪ್ಪತ್ತೇಳರ ಚಳಿಗಾಲದ ಒಂದು ರಾತ್ರಿ ತೆಗೆದ ಫೋಟೋ ಅದು. ‘ನೆಗಡಿ’ ಎಂಬ ತಂಡ ಹಾಡುತ್ತಿತ್ತು. ಹಾಡುತ್ತಿತ್ತು ಎಂಬುದು ದೊಡ್ಡ ಮಾತು, ಮೂರು ತಂತಿಯ ಗಿಟಾರು ಹಿಡಿದು ಇಡೀ ಇಂಗ್ಲೆಂಡನ್ನು ಬಯ್ಯುತ್ತಿತ್ತು. ತಂಡದವರು ತಮ್ಮ ಒಂದೇ ಒಂದು ರೆಕಾರ್ಡಿನ ಹೊದಿಕೆಗೆ ಆ ಫೋಟೋದಿಂದ ಒಂದು ಮುಖವನ್ನು ಮಾತ್ರ ಕತ್ತರಿಸಿ, ಸೊಟ್ಟಗೆ ಅಂಟಿಸಿದರು. ಮುಳ್ಳಿನಂತೆ ನಿಂತ ಕೂದಲು, ಕಣ್ಣಿನ ಸುತ್ತ ಬಳಿದ ಕಾಡಿಗೆ, ಮುಚ್ಚಿದ ರೆಪ್ಪೆ, ಮೇಲಕ್ಕೆತ್ತಿದ ಗದ್ದ, ಅಗಲಕ್ಕೆ ತೆರೆದ ಬಾಯಿ. ರೆಕಾರ್ಡು ಯಾರೂ ಕೊಳ್ಳಲಿಲ್ಲ. ಮುಖ ಮಾತ್ರ ಕಾಲಕ್ರಮೇಣ ಊರ ಮುಖವಾಯಿತು. ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರು ಅದನ್ನು ‘ಕೆಲಸವಿಲ್ಲದ, ದೇವರಿಲ್ಲದ, ನಾಳೆಯಿಲ್ಲದ ಒಂದು ತಲೆಮಾರಿನ ಕೂಗು’ ಎಂದು ಬರೆದರು. ಆಮೇಲೆ ಅದು ಟೀ ಶರ್ಟಿನ ಮೇಲೆ ಬಂತು, ಟೀ ಲೋಟದ ಮೇಲೆ ಬಂತು, ಪಾತ್ರೆ ಒರೆಸುವ ಬಟ್ಟೆಯ ಮೇಲೂ ಬಂತು. ರಸೆಲ್ ಪಾರ್ಕಿಂಗ್ ದಂಡ ಹಾಕುವ ಇಲಾಖೆಯಲ್ಲಿ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದ ದಿನ ಸಹೋದ್ಯೋಗಿಗಳು ಅದೇ ಮುಖ ಬಿಡಿಸಿದ ಕೇಕು ತರಿಸಿ, ಬಾಯಿರುವ ಕಡೆಯಿಂದಲೇ ಕತ್ತರಿಸಿದರು. ಅವನಿಗೆ ಬಂದ ತುಂಡಿನಲ್ಲಿ ಮೇಲಿನ ಹಲ್ಲುಗಳಿದ್ದವು. ಅವನು ಅದನ್ನು ಸಂತೋಷವಾಗಿಯೇ ತಿಂದಿದ್ದ, ಯಾಕೆಂದರೆ ಆ ಮುಖ ತನ್ನದೆಂಬುದನ್ನು ಬಿಟ್ಟರೆ ಹೇಳಿಕೊಳ್ಳಲು ಅವನ ಬಳಿ ಬೇರೇನೂ ಇರಲಿಲ್ಲ.

ಆದರೆ ಆ ಮುಖ ತನ್ನದೆನ್ನುವವನು ಇನ್ನೊಬ್ಬನೂ ಇದ್ದ. ಮಾಲ್ಕಮ್ ಸ್ಟ್ಯಾನಿಫೋರ್ತ್. ಆ ಕಾಲದಲ್ಲಿ ಸಂಪ್‌ಗೆ ಬರುವವರೆಲ್ಲ ಅಪ್ಪ ಅಮ್ಮ ಇಟ್ಟ ಹೆಸರನ್ನು ಬಾಗಿಲಲ್ಲೇ ಬಿಟ್ಟು ಬರಬೇಕೆಂಬ ನಿಯಮವಿತ್ತು; ರಸೆಲ್‌ನ ಹೆಸರು ತುಕ್ಕು, ಮಾಲ್ಕಮ್‌ನದು ಕೀವು. ಕೀವು ಮುಂದೆ ತೆರಿಗೆ ಸಲಹೆಗಾರನಾಗಿ ಊರಿನ ಅರ್ಧದಷ್ಟು ದಂತವೈದ್ಯರ ಲೆಕ್ಕ ನೋಡಿಕೊಂಡ. ಕಾಡಿಗೆ ಬಳಿದು ಬಾಯಿ ತೆರೆದರೆ ಆ ವಯಸ್ಸಿನ ಯಾವ ಹುಡುಗನಾದರೂ ಹಾಗೆಯೇ ಕಾಣುತ್ತಿದ್ದ, ಹಾಗಾಗಿ ಇಬ್ಬರ ಮಾತನ್ನೂ ನಂಬುವವರಿದ್ದರು. ಇಬ್ಬರೂ ಸ್ಥಳೀಯ ಪತ್ರಿಕೆಯಲ್ಲಿ ಒಬ್ಬರ ಮೇಲೊಬ್ಬರು ಬರೆದು ಕೈ ಸೋತ ಮೇಲೆ ಮಾತು ಬಿಟ್ಟರು. ಈಗ ಇಮೊಜೆನ್ ಹಠ ಹಿಡಿದಿದ್ದಳು: ಶನಿವಾರ ಎಲ್ಲರೆದುರು ಫೋಟೋದ ಪರದೆ ಸರಿಸುವುದು, ಇಬ್ಬರಲ್ಲಿ ಯಾರೆಂದು ಅಲ್ಲೇ ತೀರ್ಮಾನ ಮಾಡುವುದು, ಒಬ್ಬನ ಹೆಸರನ್ನು ಗೋಡೆಯ ಮೇಲೆ ಹಾಕಿಬಿಡುವುದು. ಆ ಹೆಸರು ತನ್ನದಾಗಬೇಕೆಂದು ರಸೆಲ್ ಎಷ್ಟೋ ವರ್ಷ ಹಂಬಲಿಸಿದ್ದ. ಈಗ ಆ ಶನಿವಾರವೇ ಬರದಿರಲೆಂದು ಹಂಬಲಿಸುತ್ತಿದ್ದ.

ಯಾಕೆಂದರೆ ಅದು ಕೂಗಲ್ಲ. ಅಸ್ತಮಾ. ಹುಟ್ಟಿದಾಗಿನಿಂದ ಎದೆಯಲ್ಲಿ ಸಿಳ್ಳೆ ಹೊಡೆಯುವ ಕಾಯಿಲೆಯ ಹುಡುಗ, ಸಿಗರೇಟಿನ ಹೊಗೆ, ಬೆವರಿನ ಆವಿ, ಗೋಡೆಯಿಂದ ಜಿನುಗುವ ನೀರು ಎಲ್ಲ ತುಂಬಿದ ಆ ಗುಂಡಿಯಲ್ಲಿ ನಿಂತಲ್ಲೇ ಕುಪ್ಪಳಿಸುತ್ತ, ವೇದಿಕೆಯ ಮೇಲಿದ್ದವರಿಗೆ ಉಗುಳುತ್ತ ಇದ್ದ. ಮೆಚ್ಚಿದರೆ ಉಗುಳುವುದು ಅಲ್ಲಿನ ಪದ್ಧತಿ. ಚಪ್ಪಾಳೆ ತಟ್ಟಿದರೆ ಅವಮಾನ. ಹಾಡುಗಾರ ವಾಪಸು ಉಗುಳಿದರೆ ಅದು ಕೈಕುಲುಕಿದ ಹಾಗೆ. ಅಂಥ ಒಂದು ಗೌರವವನ್ನು ಮುಖದ ಮೇಲೆ ಸ್ವೀಕರಿಸುತ್ತಿರುವಾಗಲೇ ಉಸಿರು ನಿಂತಿತು. ಇನ್‌ಹೇಲರು ಮನೆಯಲ್ಲೇ ಇತ್ತು, ಬೇಕೆಂದೇ ಬಿಟ್ಟು ಬಂದದ್ದು. ಜಗತ್ತನ್ನು ಸುಡಲು ಹೊರಟವನ ಜೇಬಿನಲ್ಲಿ ಇನ್‌ಹೇಲರು ಇದ್ದರೆ ನೋಡಿದವರು ಏನಂದಾರು. ಕಣ್ಣು ಕತ್ತಲಿಟ್ಟು ಬಾಯಿ ಆಕಾಶಕ್ಕೆ ತೆರೆದುಕೊಂಡಾಗ ಹಿಂದಿನಿಂದ ಯಾರೋ ಕತ್ತಿಗೆ ಕೈಯಿಟ್ಟರು. ಆ ಕೈ ಯಾರದೆಂದು ತಿರುಗಿ ನೋಡದೆಯೇ ತಿಳಿಯಿತು. ಅಮ್ಮ ವಿನಿ, ತಲೆಗೆ ಸ್ಕಾರ್ಫು ಕಟ್ಟಿ, ಕತ್ತಿನವರೆಗೂ ಗುಂಡಿ ಹಾಕಿದ ಕೋಟಿನಲ್ಲಿ, ಮೊಣಕೈಗೆ ಕೈಚೀಲ ನೇತುಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಬಾಗಿಲಿನವನು ಕೇಳಿದ್ದಕ್ಕೆ ಟಿಕೇಟು ಕೊಂಡು, ಕೈಗೆ ಮುದ್ರೆ ಹಾಕಿಸಿಕೊಂಡು, ಅಷ್ಟು ಜನರ ಮಧ್ಯೆ ನುಸುಳಿ ಬಂದಿದ್ದಳು. ಒಂದು ಕೈಯಿಂದ ಕತ್ತು ಹಿಡಿದು, ಇನ್ನೊಂದರಿಂದ ಇನ್‌ಹೇಲರನ್ನು ಬಾಯಿಗೆ ತರುತ್ತಿರುವಾಗ ಫ್ಲ್ಯಾಶ್ ಮಿಂಚಿತು.

ಉಸಿರು ಬಂದ ಮೇಲಿನದ್ದು ಅವನಿಗೆ ಬೇಡವಾದ ಭಾಗ. ಕಿವಿ ಕಿತ್ತುಹೋಗುವ ಗದ್ದಲದಲ್ಲಿ ಪಕ್ಕದಲ್ಲಿದ್ದ ಕೀವು ಅವನ ಕಿವಿಗೆ ಬಾಯಿಟ್ಟು, ‘ಯಾರೋ ಈ ಮುದುಕಿ?’ ಎಂದು ಕೇಳಿದ್ದ. ಅಮ್ಮ ಕೊಟ್ಟ ಉಸಿರು ಎದೆಯಲ್ಲಿ ಇನ್ನೂ ಹೊಸದಾಗಿತ್ತು. ಆ ಉಸಿರಲ್ಲೇ ರಸೆಲ್, ‘ಯಾರಿಗೊತ್ತು, ಯಾವ್ದೋ ಹುಚ್ಚಿ,’ ಎಂದಿದ್ದ. ಸರಿಯಾಗಿ ಅದೇ ಗಳಿಗೆಗೆ ಹಾಡು ಮುಗಿದಿತ್ತು. ಅಮ್ಮ ಕೇಳಿಸಿಕೊಂಡಳು. ವೇದಿಕೆಯಿಂದ ಹಾರಿ ಬಂದದ್ದೇನೋ ಅವಳ ಕೋಟಿನ ಭುಜದ ಮೇಲೆ ಬಿದ್ದಿತ್ತು. ಅವಳು ಕರವಸ್ತ್ರ ತೆಗೆದು ಅದನ್ನು ಒರೆಸಿಕೊಂಡಳು, ‘ಪಾಪ, ಅವರಿಗೂ ನೆಗಡಿ ಅನ್ಸುತ್ತೆ,’ ಎಂದು ಯಾರಿಗೂ ಅಲ್ಲದಂತೆ ಹೇಳಿದಳು, ಇನ್‌ಹೇಲರನ್ನು ಅವನ ಕೈಗೆ ಕೊಡದೆ, ಯಾರಿಗೂ ಕಾಣದಂತೆ ಅವನ ಜೇಬಿಗೆ ಹಾಕಿ ಮೆಟ್ಟಿಲ ಕಡೆ ಹೋದಳು. ಅವನು ಬೆಳಗಿನವರೆಗೂ ಕುಪ್ಪಳಿಸಿದ. ಆ ರಾತ್ರಿ ಅವನು ತೊಟ್ಟಿದ್ದ ಬಿಗಿ ಪ್ಯಾಂಟನ್ನು ಅವಳೇ ಹೊಲಿಗೆ ಯಂತ್ರದಲ್ಲಿ ಒಳಗೆ ಹಿಡಿದು ಕೊಟ್ಟಿದ್ದಳು. ‘ಇಷ್ಟು ಬಿಗಿ ಮಾಡಿದ್ರೆ ಕೂತ್ಕೊಳ್ಳೋದು ಹೆಂಗೋ?’ ಎಂದಿದ್ದಕ್ಕೆ ‘ನಾವು ಕೂರಲ್ಲಮ್ಮ’ ಎಂದಿದ್ದ. ಅವನು ಹರಿದುಕೊಂಡ ಅಂಗಿಯ ಅಂಚು ಇನ್ನಷ್ಟು ಎಳೆ ಬಿಡದಿರಲೆಂದು ಅದಕ್ಕೊಂದು ಹೊಲಿಗೆ ಹಾಕಿದ್ದಳು, ಕಿವಿಗೆ ಚುಚ್ಚಿಕೊಳ್ಳುವ ಪಿನ್ನುಗಳನ್ನು ಡೆಟಾಲಿನಲ್ಲಿ ಅದ್ದಿಟ್ಟಿದ್ದಳು. ಅಮ್ಮ ಇಸ್ತ್ರಿ ಮಾಡಿಕೊಟ್ಟ ಬಂಡಾಯ ಅದು.

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಅದೇ ಕೆಟ್ಟದ್ದು. ಬಯ್ದಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಮುಗಿಸಬಹುದಿತ್ತು. ಭಾನುವಾರದ ಊಟಕ್ಕೆ ಎಲ್ಲರೂ ಸೇರಿದಾಗ, ಲೊರೇನ್ ಮತ್ತು ಮಗಳ ಎದುರಿಗೆ ಅವನು ಆ ಕೂಗಿನ ಕಥೆ ಹೇಳುವನು. ಆ ಕ್ಷಣ ಮನಸ್ಸಿನಲ್ಲಿ ಎಂಥ ಕೋಪವಿತ್ತು, ಸರ್ಕಾರದ ಮೇಲೆ, ಮುಚ್ಚುತ್ತಿದ್ದ ಉಕ್ಕಿನ ಕಾರ್ಖಾನೆಗಳ ಮೇಲೆ, ರಾಣಿಯ ಮೇಲೆ. ಅಮ್ಮ ಆಲೂಗಡ್ಡೆಯ ಬಟ್ಟಲನ್ನು ಮುಂದಕ್ಕೆ ಸರಿಸುತ್ತ ಕೇಳುವಳು. ಒಮ್ಮೆ ಮಗಳು, ‘ಅಜ್ಜಿ, ಅಪ್ಪ ನಿಜವಾಗ್ಲೂ ಅಷ್ಟು ಜೋರಾಗಿ ಕೂಗ್ತಿದ್ನಾ?’ ಎಂದು ಕೇಳಿದ್ದಳು. ಅಮ್ಮ ಅವನ ಕಡೆ ನೋಡದೆ, ‘ಹೂಂ ಮತ್ತೆ, ಗಟ್ಟಿ ಎದೆ ಅವನ್ದು,’ ಎಂದಳು. ಆ ದಿನ ಅವನು ತಲೆ ತಗ್ಗಿಸಿ ಎರಡನೇ ಸಲ ಹಾಕಿಸಿಕೊಂಡು ಉಂಡ. ಕೊನೆಗಾಲದಲ್ಲಿ ವೃದ್ಧಾಶ್ರಮದ ಹಾಸಿಗೆಯ ಪಕ್ಕ ಕುಳಿತು, ಇವತ್ತು ಹೇಳಿಬಿಡೋಣ, ಇವತ್ತು ಕ್ಷಮೆ ಕೇಳಿಬಿಡೋಣ ಎಂದುಕೊಳ್ಳುವನು, ಆಮೇಲೆ ಹವಾಮಾನದ ಬಗ್ಗೆ ಮಾತಾಡಿ ಎದ್ದು ಬರುವನು. ಹವಾಮಾನ ಇಂಗ್ಲೆಂಡಿನಲ್ಲಿ ಎಷ್ಟು ತಾಯಂದಿರನ್ನು ಹೀಗೆ ನುಂಗಿದೆಯೋ.

‘ಉಗುರು ಯಾಕೆ ಕಚ್ತಿದ್ದೀಯ?’ ಕಾರು ಓಡಿಸುತ್ತಿದ್ದ ಲೊರೇನ್ ಕೇಳಿದಳು.

‘ಪ್ಯಾಂಟು ಬಿಗಿ.’

‘ಪ್ಯಾಂಟು ಬಿಗಿಯಾದ್ರೆ ಉಗುರು ಕಚ್ತಾರಾ? ಆ ಕೀವು ಜೊತೆ ಜಗಳ ಮಾಡ್ಬೇಡ ಅಷ್ಟೆ. ನಿಮ್ಮಿಬ್ರಿಗೂ ಬಿಪಿ ಇದೆ. ಬಿದ್ರೆ ಆ ಮೆಟ್ಲು ಮೇಲೆ ಹೊತ್ಕೊಂಡು ಬರೋರು ಯಾರು?’

ಕಾರ್ಯಕ್ರಮ ಮಧ್ಯಾಹ್ನಕ್ಕಿತ್ತು. ಸಂಜೆ ಇಟ್ಟರೆ ಬಂಡಾಯಗಾರರು ಸೋಫಾದಲ್ಲೇ ನಿದ್ದೆಹೋಗುತ್ತಾರೆಂದು ಮ್ಯೂಸಿಯಮ್ಮಿನವರು ಅನುಭವದಿಂದ ಕಲಿತಿದ್ದರು. ಸಂಪ್ ಈಗ ಧ್ಯಾನ ಕೇಂದ್ರ. ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎಂಬ ಫಲಕವನ್ನು ಇವತ್ತೊಂದು ದಿನಕ್ಕೆ ಬಟ್ಟೆ ಹಾಕಿ ಮುಚ್ಚಿದ್ದರು. ಬಾಗಿಲಲ್ಲಿ ಭದ್ರತೆಯ ಹೆಸರಿನಲ್ಲಿ ಎಲ್ಲರ ಪಿನ್ನುಗಳನ್ನೂ ಬಿಚ್ಚಿಸಿಕೊಂಡು ಒಂದು ಬುಟ್ಟಿಗೆ ಹಾಕುತ್ತಿದ್ದರು. ಹಳೆಯ ನೆನಪಿಗೆಂದು ಕೈಗೆ ಮುದ್ರೆ ಒತ್ತುತ್ತಿದ್ದ ಹುಡುಗ, ‘ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ ಸರ್?’ ಎಂದು ಒಬ್ಬೊಬ್ಬರನ್ನೂ ಕೇಳಿ ಮೆಲ್ಲಗೆ ಒತ್ತುತ್ತಿದ್ದ. ಒಳಗೆ ಚರ್ಮದ ಜಾಕೆಟ್ಟುಗಳು, ಊರುಗೋಲುಗಳು, ಒಂದು ಕಾಲದಲ್ಲಿ ಬಿಯರು ಬಾಟಲಿ ತಲೆಯಿಂದ ಒಡೆಯುತ್ತಿದ್ದವನ ಕೈಯಲ್ಲಿ ಸಕ್ಕರೆಯಿಲ್ಲದ ಟೀ. ‘ಹುಣ್ಣು ಬಂದಿಲ್ವಾ?’ ‘ಹುಣ್ಣಿಗೆ ಕಣ್ಣಿನ ಆಪರೇಷನ್ನು ಕಣೋ.’ ‘ಹೊಲಸು ಹೇಗಿದಾನೆ?’ ‘ಹೊಲಸು ಹೋದ ವರ್ಷ ಪಾದ್ರಿ ಆದ.’ ಸಮಾಜವನ್ನು ತಿರಸ್ಕರಿಸಿದವರೆಲ್ಲ ಬೆನ್ನಿಗೆ ಆಸರೆ ಇರುವ ಕುರ್ಚಿಗಳಿಗಾಗಿ ಸದ್ದಿಲ್ಲದೆ ಪೈಪೋಟಿ ನಡೆಸಿದ್ದರು. ಗೋಡೆ ಮಾತ್ರ ಈಗಲೂ ಜಿನುಗುತ್ತಿತ್ತು. ಆ ತೇವದ ವಾಸನೆ ಮೂಗಿಗೆ ಬಡಿದಾಗ ರಸೆಲ್‌ನ ಎದೆ ಬಿಗಿಯಿತು, ಅವನು ಜೇಬಿನಲ್ಲಿದ್ದ ಇನ್‌ಹೇಲರನ್ನು ಮುಟ್ಟಿ ನೋಡಿಕೊಂಡ.

ಮಾಲ್ಕಮ್ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಬಿಳಿ ಕೂದಲನ್ನು ಜೆಲ್ಲು ಹಚ್ಚಿ ನಿಲ್ಲಿಸಿದ್ದ, ಅದು ಒಂದು ಕಡೆ ಆಗಲೇ ಮಲಗಿತ್ತು.

‘ಬಂದ್ಯಾ ತುಕ್ಕು,’ ಎಂದ, ಎಷ್ಟೋ ವರ್ಷದ ಮೇಲೆ ಆಡಿದ ಮೊದಲ ಮಾತು. ‘ಕೂತ್ಕೋ. ಹೆಂಗೂ ನಿಂತು ನೋಡೋ ವಯಸ್ಸಲ್ಲ.’

‘ಇವತ್ತು ನಿನ್ನ ನಾಟ್ಕ ಮುಗೀತು ಬಿಡು.’

‘ಯಾರ್ದೋ ಒಬ್ರದ್ದು ಮುಗಿಯುತ್ತೆ.’

ಆ ನಿರಾಳ ಧ್ವನಿ ರಸೆಲ್‌ನನ್ನು ಕೆಣಕಿತು. ಇವನಿಗೆ ಏನೂ ನೆನಪಿಲ್ಲ, ಆ ರಾತ್ರಿ ಕಂಠಪೂರ್ತಿ ಕುಡಿದಿದ್ದ, ನೆನಪಿದ್ದಿದ್ದರೆ ಆ ಮುಖ ತನ್ನದೆಂದು ಹೇಳುವ ಧೈರ್ಯವೇ ಬರುತ್ತಿರಲಿಲ್ಲ ಎಂದು ಅವನು ತನಗೆ ತಾನೇ ಮತ್ತೊಮ್ಮೆ ಹೇಳಿಕೊಂಡ. ಲೊರೇನ್ ಟೀ ತರುತ್ತೇನೆಂದು ಹಿಂದಿನ ಸಾಲಿಗೆ ಹೋದಳು. ಇಮೊಜೆನ್ ಮೈಕು ಹಿಡಿದು, ಅವರನ್ನೆಲ್ಲ ‘ಪ್ರವರ್ತಕರು’ ಎಂದು ಕರೆದಳು. ಪ್ರವರ್ತಕರು ಕಿವಿಯ ಯಂತ್ರ ಸರಿಮಾಡಿಕೊಂಡರು. ಪ್ರೊಫೆಸರರೂ ಬಂದಿದ್ದರು. ತಲೆಮಾರಿನ ಕೂಗಿನ ಬಗ್ಗೆ ನಾಲ್ಕು ಮಾತಾಡಿ, ಆ ಬಾಯಿಯೊಳಗಿನ ಕತ್ತಲೆಯೇ ಆ ದಶಕದ ಕತ್ತಲೆ ಎಂದು ಹೇಳಿ ಕುಳಿತರು. ಆಮೇಲೆ ಇಮೊಜೆನ್ ಪರದೆ ಎಳೆದಳು.

ಗೋಡೆಯುದ್ದಕ್ಕೂ ಫೋಟೋ. ಮೊದಲು ಎಲ್ಲರೂ ಮುಖ ನೋಡಿದರು, ಆಮೇಲೆ ಕತ್ತಿನ ಮೇಲಿದ್ದ ಕೈ, ಆಮೇಲೆ ಸ್ಕಾರ್ಫು, ಕೋಟು, ಕೈಚೀಲ, ಬಾಯಿಗೆ ಬರುತ್ತಿದ್ದ ಇನ್‌ಹೇಲರು. ಹಿಂದಿನಿಂದ ಯಾರೋ ಕಿಸಕ್ಕೆಂದರು, ಕೂಡಲೇ ಇಡೀ ನೆಲಮಾಳಿಗೆ ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರರು ಕನ್ನಡಕ ಒರೆಸತೊಡಗಿದರು. ರಸೆಲ್ ಅಮ್ಮನ ಮುಖ ನೋಡಿದ. ಅವಳು ಅಷ್ಟು ಚಿಕ್ಕವಳಾಗಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಈಗಿನ ಅವನ ಮಗಳಿಗಿಂತ ಸ್ವಲ್ಪವೇ ದೊಡ್ಡವಳು. ಕೀವು ಮುದುಕಿ ಎಂದಿದ್ದನಲ್ಲ. ಅವಳ ಕಣ್ಣು ಕ್ಯಾಮರಾದ ಕಡೆಗಿರಲಿಲ್ಲ, ಜನರ ಕಡೆಗಿರಲಿಲ್ಲ, ಹುಡುಗನ ಬಾಯಿಯ ಮೇಲೆ ನೆಟ್ಟಿತ್ತು. ಸುತ್ತ ನಗು ಇನ್ನೂ ನಿಂತಿರಲಿಲ್ಲ. ಈ ನಗುವಿಗೆ ಹೆದರಿಯೇ ತಾನು ಬದುಕಿದ್ದು ಎಂದು ಅವನಿಗೆ ಅನ್ನಿಸಿತು, ಆದರೂ ಹೆದರಿಕೆ ಹೋಗಲಿಲ್ಲ.

‘ಹೇಳಿ ಸರ್,’ ಇಮೊಜೆನ್ ಮೈಕನ್ನು ಅವನ ಬಾಯಿಯ ಹತ್ತಿರ ತಂದಳು. ‘ಇದು ನೀವೇನಾ?’

‘ಅಲ್ಲ,’ ಎಂದ ರಸೆಲ್. ಮೈಕು ಅದನ್ನು ಮೂಲೆ ಮೂಲೆಗೂ ಮುಟ್ಟಿಸಿತು. ‘ಇಷ್ಟು ದಿನ ಹೌದು ಅಂದ್ಕೊಂಡಿದ್ದೆ. ಈಗ ಪೂರ್ತಿ ನೋಡಿದ್ಮೇಲೆ ಗೊತ್ತಾಯ್ತು. ನಾನಲ್ಲ.’

ಮತ್ತೊಂದು ಅಲೆ ನಗು ಎದ್ದಿತು. ಈಗ ಕೀವಿನ ಸರದಿ, ಅವನೂ ಬಾಲ ಮುದುರುತ್ತಾನೆ, ಆಮೇಲೆ ಈ ಫೋಟೋಗೆ ದಿಕ್ಕಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ ಎಂದು ರಸೆಲ್ ಬೆವರು ಒರೆಸಿಕೊಂಡ. ಮಾಲ್ಕಮ್ ಎದ್ದು ನಿಂತ. ಮೈಕು ತೆಗೆದುಕೊಳ್ಳಲಿಲ್ಲ.

‘ನಾನೇ ಅದು,’ ಎಂದ. ‘ಅವರು ನಮ್ಮಮ್ಮ.’

ನಗು ನಿಂತಿತು.

‘ನಂಗೆ ಉಸಿರಾಟದ ತೊಂದ್ರೆ ಇತ್ತು. ಅಮ್ಮ ಎರಡು ಬಸ್ಸು ಹಿಡ್ಕೊಂಡು ಬಂದ್ಲು, ಆ ಚಳೀಲಿ. ಒಳಗೆ ಬರೋಕೆ ಟಿಕೇಟು ತಗೊಂಡ್ಲು. ನೀವೆಲ್ಲ ಉಗುಳ್ತಾ ಇದ್ರಿ, ಅದರ ಮಧ್ಯೆ ನುಗ್ಗಿ ಬಂದ್ಲು. ಕೂಗಲ್ಲ ಸ್ವಾಮಿ ಅದು, ಅಮ್ಮ ಸಿಕ್ಕಿದ್ದು. ನಗ್ಬೇಕು ಅಂದ್ರೆ ನಗಿ.’

ಮುಂದಿನ ಸಾಲಿನ ಹೆಂಗಸೊಬ್ಬಳು ‘ಅಯ್ಯೋ ದೇವರೇ’ ಎಂದು ಮೂಗು ಸೀಟಿದಳು. ಪ್ರೊಫೆಸರರು, ನಿಜವಾದ ಕ್ರಾಂತಿ ಆ ಕೈಚೀಲದಲ್ಲಿದೆ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಆ ಮನುಷ್ಯನಿಗೆ ಹೊಸ ಪ್ರಬಂಧ ಹುಟ್ಟಲು ಅಷ್ಟು ಹೊತ್ತು ಸಾಕಾಗಿತ್ತು. ಮಾಲ್ಕಮ್‌ನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ನಾಟಕದ ಅಳುವಲ್ಲ ಅದು, ನಾಟಕದ ಅಳು ರಸೆಲ್‌ಗೆ ಗೊತ್ತು. ಕೀವು ಅನಾಥಾಲಯದಲ್ಲಿ ಬೆಳೆದವನು, ತಾಯಿಯ ಮುಖವನ್ನೇ ಕಂಡಿರಲಿಲ್ಲ; ಇಲ್ಲಿದ್ದವರಲ್ಲಿ ಅದು ತಿಳಿದಿದ್ದದ್ದು ರಸೆಲ್‌ಗೆ ಮಾತ್ರ. ಕಳ್ಳ, ನನ್ನ ಅಮ್ಮನನ್ನು ಕದಿಯುತ್ತಿದ್ದಾನೆ ಎಂದು ಒಳಗೆಲ್ಲ ಉರಿಯಿತು. ಎದ್ದು ಹೇಳಿದರೆ ಮುಗಿಯಿತು. ಹೇಳಬೇಕಾದರೆ ಈಗಷ್ಟೇ ಅಲ್ಲ ಎಂದದ್ದನ್ನು ನುಂಗಬೇಕು, ನಗುವಿಗೆ ಹೆದರಿ ಅಮ್ಮನನ್ನೇ ಅಲ್ಲಗಳೆದೆ ಎಂದು ಈ ಮೈಕಿನಲ್ಲಿ ಒಪ್ಪಿಕೊಳ್ಳಬೇಕು.

ಪಕ್ಕದಲ್ಲಿ ಲೊರೇನ್ ಬಂದು ನಿಂತಿದ್ದಳು, ಕೈಯಲ್ಲಿ ಎರಡು ಟೀ. ಗೋಡೆಯನ್ನೇ ನೋಡುತ್ತಿದ್ದಳು.

‘ರಸೆಲ್,’ ಮೆಲ್ಲಗೆ ಅಂದಳು. ‘ನಿಮ್ಮಮ್ಮ ಅಲ್ವಾ?’

ಅವನು ಟೀಗೆ ಕೈ ಚಾಚಿದ, ಅವಳು ಕೊಡಲಿಲ್ಲ.

‘ಆ ಕೈ ನಂಗೆ ಗೊತ್ತು. ಕೊನೇಲಿ ಉಗುರು ಕತ್ತರಿಸ್ತಿದ್ದಿದ್ದು ನಾನು.’

‘ಆ ಕಾಲದಲ್ಲಿ ಎಲ್ರೂ ಹಂಗೇ ಕೋಟು ಹಾಕ್ತಿದ್ರು,’ ಎಂದ ರಸೆಲ್. ‘ಅದು ಕೀವಿನಮ್ಮ ಅಂತೆ.’

ಲೊರೇನ್ ಎರಡು ಲೋಟಗಳನ್ನೂ ಅವನ ಕುರ್ಚಿಯ ಪಕ್ಕ ನೆಲದ ಮೇಲಿಟ್ಟು, ‘ಕಾರಲ್ಲಿರ್ತೀನಿ,’ ಎಂದು ಮೆಟ್ಟಿಲ ಕಡೆ ಹೋದಳು.

ಪತ್ರಿಕೆಗೆ ಚಿತ್ರ ಬೇಕಿತ್ತು: ಹಳೆಯ ಪ್ರತಿಸ್ಪರ್ಧಿಗಳು ಕೈಕುಲುಕುವುದು. ಇಮೊಜೆನ್ ಇಬ್ಬರನ್ನೂ ಫೋಟೋದ ಕೆಳಗೆ ನಿಲ್ಲಿಸಿದಳು. ಮಾಲ್ಕಮ್‌ನ ಕೈ ಒದ್ದೆಯಾಗಿತ್ತು. ಕ್ಯಾಮರಾದ ಹುಡುಗಿ ಬೆಳಕು ಸರಿಮಾಡಿಕೊಳ್ಳುವಷ್ಟರಲ್ಲಿ ರಸೆಲ್ ಹಲ್ಲು ಕಚ್ಚಿ, ‘ನಾಚ್ಕೆ ಆಗಲ್ವೇನೋ ನಿಂಗೆ? ಯಾರಮ್ಮ ಅಂತ ನಿಂಗೇನು ಗೊತ್ತು?’ ಎಂದ.

‘ಗೊತ್ತು,’ ಎಂದ ಮಾಲ್ಕಮ್, ಎದುರಿಗೆ ನೋಡುತ್ತಲೇ. ‘ನೀನು ಯಾವ್ದೋ ಹುಚ್ಚಿ ಅಂದ್ಯಲ್ಲ, ಅದಕ್ಕೆ ನಾನೇ ಅವರ ಹಿಂದೆ ಹೋದೆ. ಮೆಟ್ಲ ಮೇಲೆ ಕತ್ತಲೆ ಇತ್ತು. ಬಸ್ ಸ್ಟಾಪಿನವರೆಗೂ ಜೊತೇಲಿ ನಡ್ದೆ, ಬಸ್ಸು ಬರೋವರೆಗೂ ನಿಂತಿದ್ದೆ. ಮಗನಿಗೋಸ್ಕರ ಎರಡು ಬಸ್ಸು ಬದಲಿಸಿ ಬಂದೆ ಅಂದ್ರು, ನಿನ್ನ ಮೇಲೆ ಒಂದು ದೂರು ಹೇಳಲಿಲ್ಲ. ನನ್ನ ಕೇಳಿದ್ರು, ಇಷ್ಟು ಹೊತ್ತಾಗಿದ್ಯಲ್ಲ ಮಗು, ನಿಂಗೆ ಮನೇಲಿ ಯಾರಾದ್ರೂ ಕಾಯ್ತಿರ್ತಾರಾ ಅಂತ.’

ರಸೆಲ್‌ನ ಕೈ ಅವನ ಕೈಯಲ್ಲೇ ಇತ್ತು. ‘ಏನಂದೆ?’

‘ಹೂಂ, ಅಮ್ಮ ಕಾಯ್ತಿರ್ತಾಳೆ ಅಂದೆ.’

ಫ್ಲ್ಯಾಶ್ ಮಿಂಚಿತು. ಜನ ಮಾಲ್ಕಮ್‌ನನ್ನು ಸುತ್ತುವರಿದು ಬೆನ್ನು ತಟ್ಟತೊಡಗಿದರು, ಬಾಟಲಿ ಒಡೆಯುತ್ತಿದ್ದವನು ಅವನನ್ನು ತಬ್ಬಿಕೊಂಡ. ಇಮೊಜೆನ್ ಅಲ್ಲೇ ಅಚ್ಚು ಹಾಕಿಸಿದ ಪಟ್ಟಿಯೊಂದನ್ನು ತಂದು ಫೋಟೋದ ಕೆಳಗೆ ಅಂಟಿಸಲು ನೋಡಿದಳು. ಗೋಡೆ ತೇವವಾಗಿದ್ದರಿಂದ ಒಂದು ತುದಿ ಏಳುತ್ತಿತ್ತು.

‘ಸರ್, ಸ್ವಲ್ಪ ಆ ಕಡೆ ಹಿಡ್ಕೋತೀರಾ?’ ಎಂದಳು.

‘ಮಾಲ್ಕಮ್ ಸ್ಟ್ಯಾನಿಫೋರ್ತ್, ತನ್ನ ತಾಯಿಯೊಂದಿಗೆ’ ಎಂದಿತ್ತು. ರಸೆಲ್ ಬಗ್ಗಿ, ಗೋಂದು ಹಿಡಿಯುವವರೆಗೂ ಆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.